ತಿರುಗಿಸಿ ನೋಡದ ಕನ್ನಡಿ

ಕಾರ್ಖಾನೆಯಲ್ಲಿ ಅವನಿಗೆ ‘ತಕ್ಕಡಿ’ ಎಂದೇ ಹೆಸರು. ದೂರದರ್ಶಕಕ್ಕೆಂದು ಉಜ್ಜಿದ ಕನ್ನಡಿಗಳನ್ನು, ತಾನೇ ಯಂತ್ರ ಜೋಡಿಸಿ, ಅಳೆಯುವುದು ಅವನ ಕೆಲಸ. ಲೇಸರ್ ಬೆಳಕು ಕನ್ನಡಿಗೆ ತಾಗಿ ಮರಳಿದಾಗ ಪರದೆಯ ಮೇಲೆ ಕಪ್ಪು ಬಿಳುಪು ಪಟ್ಟೆಗಳು ಮೂಡುತ್ತವೆ. ಪಟ್ಟೆ ನೆಟ್ಟಗಿದ್ದರೆ ಕನ್ನಡಿ ಸರಿ. ಡೊಂಕಾಗಿದ್ದರೆ ಕನ್ನಡಿಯನ್ನು ತಿರುಗಿಸಿ ಇನ್ನೊಮ್ಮೆ ನೋಡಬೇಕು. ಡೊಂಕೂ ಜೊತೆಗೆ ತಿರುಗಿದರೆ ತಪ್ಪು ಕನ್ನಡಿಯದು. ಇದ್ದಲ್ಲೇ ಇದ್ದರೆ ಯಂತ್ರ ಜೋಡಿಸಿದವನದು. ಈ ಪಾಠವನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವನು ಅವನೇ.

ಒಂದು ದಿನ ದೊಡ್ಡ ಕನ್ನಡಿಯೊಂದರ ಪಟ್ಟೆಗಳು ಡೊಂಕಾಗಿ ಕಂಡವು. ಅದನ್ನು ಉಜ್ಜಿದ್ದು ಅವನ ಅಕ್ಕನ ಗಂಡ. ಅದನ್ನು ತಿರುಗಿಸಲು ಇಬ್ಬರು ಬೇಕು. ಭಾವ ಚಹಾಕ್ಕೆ ಹೋಗಿದ್ದ, ಕೂಗಿದರೆ ಬರುತ್ತಿದ್ದ. ಇವನು ಕೂಗಲಿಲ್ಲ.

“ಭಾವ, ಒಂದು ಅಂಚು ಎದ್ದಿದೆ,” ಎಂದ, ಅವನು ಬಂದ ಮೇಲೆ.

“ಹೌದೇನೋ? ಕೈಗೆ ಹಾಗನ್ನಿಸಲಿಲ್ಲ.”

“ಅಕ್ಕ ಉಪ್ಪು ಹಾಕೋ ಹಾಗೆ ಅಂದಾಜಿನ ಕೆಲಸವಾ ಇದು?”

ಸುತ್ತಲಿದ್ದವರು ನಕ್ಕರು. ಭಾವನೂ ನಕ್ಕು, “ತಕ್ಕಡಿ ಹೇಳಿದ ಮೇಲೆ ಮುಗೀತು,” ಎಂದು ಆ ಅಂಚನ್ನು ಉಜ್ಜಲು ಕೂತ. ಮತ್ತೆ ಅಳೆದಾಗ ಪಟ್ಟೆಗಳು ನೂಲು ಹಿಡಿದಂತೆ ನೆಟ್ಟಗಿದ್ದವು.

ಕೊಂಡವರು ಕನ್ನಡಿಯನ್ನು ವಾಪಸು ಕಳಿಸಿದರು. ಅದರಲ್ಲಿ ನಕ್ಷತ್ರಗಳಿಗೆಲ್ಲ ಬಾಲ ಕಾಣುತ್ತದಂತೆ. ಮ್ಯಾನೇಜರು ಭಾವನನ್ನು ಕರೆದು, “ನಿಮ್ಮ ಕೈ ಸೋತಿದೆ ಯಜಮಾನರೇ, ನಾಳೆಯಿಂದ ಪ್ಯಾಕಿಂಗಿಗೆ ಹೋಗಿ,” ಎಂದರು.

ತಕ್ಕಡಿ ಅಳೆಯುವ ಕೋಣೆಗೆ ಹೋಗಿ ಮೇಜಿನ ಕೆಳಗೆ ಬಗ್ಗಿದ. ಲೇಸರ್ ಬೆಳಕನ್ನು ಕನ್ನಡಿಯತ್ತ ಹಾಯಿಸುವ ಮಸೂರ ಹಿಡಿದಿದ್ದ ತಿರುಪು ಸಡಿಲವಾಗಿತ್ತು. ಮಸೂರ ಕೂದಲೆಳೆಯಷ್ಟು ವಾಲಿತ್ತು. ಭಾವ ಉಜ್ಜಿ ತೆಗೆದದ್ದು ಕನ್ನಡಿಯಲ್ಲಿ ಇರದಿದ್ದ ತಪ್ಪನ್ನು. ಒಳ್ಳೆಯ ಕನ್ನಡಿಯೊಂದು ಇವನ ಮಾತು ಕೇಳಿ ಕೆಟ್ಟಿತ್ತು. ತಿರುಪನ್ನು ಬಿಗಿಮಾಡಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಥದೊಂದು ಯೋಚನೆ ಬಂದದ್ದಕ್ಕೂ ಅವನಿಗೆ ನಾಚಿಕೆಯಾಯಿತು.

ಮರುದಿನ ಮ್ಯಾನೇಜರ ಮುಂದೆ, ಭಾವ ಅಲ್ಲೇ ನಿಂತಿದ್ದಾಗ, ತಪ್ಪು ತನ್ನದೆಂದು ಹೇಳಿದ. ಮ್ಯಾನೇಜರು ಬೈದದ್ದು ಯಾವುದೂ ಅವನ ಕಿವಿಗೆ ಬೀಳಲಿಲ್ಲ.

“ಹಾಗಾದ್ರೆ ಮೊದಲು ಸರಿಯಾಗೇ ಇತ್ತಾ?” ಎಂದು ಭಾವ ಕೇಳಿದ.

“ಇತ್ತು, ಭಾವ.”

“ತಿರುಗಿಸಿ ನೋಡಲಿಲ್ವಾ?”

“ಇಲ್ಲ.”

ಭಾವ ಬಾಗಿಲ ತನಕ ಹೋಗಿ ನಿಂತ. “ನಿಮ್ಮಕ್ಕನಿಗೆ ನೀನೇ ಹೇಳು. ನನ್ನ ಕೈ ಹೋಯ್ತು ಅಂತ ನಿನ್ನೆಯಿಂದ ಅಳ್ತಿದಾಳೆ.”

ಸಂಜೆ ಅಕ್ಕ ಬಾಗಿಲು ತೆರೆದಳು. ಅತ್ತು ಊದಿದ ಮುಖ. “ಬಾರೋ, ನಿನ್ನನ್ನೇ ಕಾಯ್ತಿದ್ದೆ,” ಎಂದಳು. “ನಿಮ್ಮ ಭಾವನಿಗೆ ನೀನಾದ್ರೂ ಸ್ವಲ್ಪ ಧೈರ್ಯ ಹೇಳೋ.”

ಅವನು ಚಪ್ಪಲಿ ಬಿಡದೆ, ಹೊಸ್ತಿಲಾಚೆಯೇ ನಿಂತು ಬಾಯಿ ತೆರೆದ.