ಹೇಳಿದಷ್ಟೇ ಮಾಡುವ ಮೇಡಂ

ನಮ್ಮ ಶಾಲೆಯ ಕಂಪ್ಯೂಟರ್ ಮೇಡಂ ಒಂಬತ್ತನೇ ತರಗತಿಗೆ ಕೋಡಿಂಗ್ ಕಲಿಸುವಾಗ ಮೊದಲ ವಾರ ಕಂಪ್ಯೂಟರನ್ನೇ ಮುಟ್ಟಿಸುವುದಿಲ್ಲ. "ಈಗ ನಾನೇ ಕಂಪ್ಯೂಟರ್. ನೀವು ಹೇಳಿದಷ್ಟೇ ಮಾಡ್ತೀನಿ, ಸ್ವಂತ ಬುದ್ಧಿ ಉಪಯೋಗಿಸಲ್ಲ," ಎಂದು ಕೈಕಟ್ಟಿ ನಿಲ್ಲುತ್ತಾರೆ. "ನೀರು ಕುಡೀರಿ" ಎಂದರೆ ಮುಚ್ಚಳ ತೆಗೆಯದ ಬಾಟಲಿಯನ್ನೇ ಬಾಯಿಗೆತ್ತುತ್ತಾರೆ. "ಮುಂದೆ ನಡೀರಿ" ಎಂದ ಮಕ್ಕಳು "ನಿಲ್ಲಿ" ಎನ್ನಲು ಮರೆತದ್ದಕ್ಕೆ ಮೇಡಂ ಒಮ್ಮೆ ಮುಖ್ಯೋಪಾಧ್ಯಾಯರ ಕೋಣೆಗೇ ನುಗ್ಗಿ ಅವರ ಮೇಜಿಗೆ ಡಿಕ್ಕಿ ಹೊಡೆದಿದ್ದರು. ಆ ನಗುವಿನ ಗದ್ದಲದಲ್ಲಿ ಪಕ್ಕದ ಕೋಣೆಯ ನನ್ನ ಗಣಿತ ಪಾಠ ಸಾಗುವುದಿಲ್ಲ. ಒಂದು ದಿನ ಜಗಳವಾಡಲೆಂದೇ ಎದ್ದು ಹೋದೆ. ಬಾಗಿಲು ತಲುಪುವಷ್ಟರಲ್ಲಿ ಒಳಗೆ ಸದ್ದಡಗಿತ್ತು. ಮಾತು ತೊದಲುತ್ತದೆಂದು ಹಾಜರಿಗೂ ಬರೀ ಕೈಯೆತ್ತುವ ಹುಡುಗಿ ಅವರೆದುರು ನಿಂತಿದ್ದಳು. "ಎಡಗಾಲು ಎತ್ತಿ" ಎಂದು ಹೇಗೋ ಹೇಳಿದ್ದಳು. "ಇಳಿಸಿ" ಎಂಬುದು ನಾಲಿಗೆಯಲ್ಲೇ ಸಿಕ್ಕಿಕೊಂಡಿತ್ತು. ಹಿಂದಿನ ಬೆಂಚಿನಿಂದ ಯಾರೋ "ಇಳಿಸಿ" ಎಂದು ಕೂಗಿದರು. ಮೇಡಂ ಕದಲಲಿಲ್ಲ. "ಈಗ ನಾನು ಇವಳ ಮಾತು ಮಾತ್ರ ಕೇಳೋದು. ನಿಧಾನವಾಗಿ ಹೇಳಮ್ಮ, ಕಂಪ್ಯೂಟರಿಗೆ ಅವಸರ ಇಲ್ಲ," ಎಂದರು. ಮಂಡಿನೋವಿನ ಆ ಜೀವ ಒಂಟಿಕಾಲಿನಲ್ಲಿ ನಡುಗುತ್ತಾ ನಿಂತೇ ಇತ್ತು. ಕೊನೆಗೆ ಹುಡುಗಿ, "ಇ... ಇಳಿಸಿ," ಎಂದಳು. ಕಾಲು ಇಳಿಯಿತು. ಆಮೇಲೆ ಯಾರೂ ಕೇಳದೆಯೇ ಅವಳು ಕುರ್ಚಿ ಎಳೆದು ತಂದು, "ಕೂ... ಕೂತ್ಕೊಳ್ಳಿ ಮೇಡಂ," ಎಂದಳು.