ಸಮಾಧಾನ ಹೇಳದ ಅಕ್ಕೋರು

ಮಾರ್ಚ್ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಕಮಲಾಕ್ಷಿ ಅಕ್ಕೋರು ನಮ್ಮ ಮನೆಯ ಚಹಾ ಕುಡಿದು, ಲೋಟ ಕೆಳಗಿಟ್ಟು, "ಹತ್ತಕ್ಕೆ ಐದು" ಎಂದರು. ಅಮ್ಮನ ಮುಖ ಸಣ್ಣದಾಯಿತು. ನಾನು ದಿನಚರಿಯಲ್ಲಿ ಬರೆದುಕೊಂಡೆ.

ಅಕ್ಕೋರು ಎಲ್ಲದಕ್ಕೂ ಅಂಕ ಕೊಡುತ್ತಿದ್ದರು. ಚಹಾಕ್ಕೆ, ಬಸ್ಸಿನ ಡ್ರೈವರನಿಗೆ, ಮದುವೆಮನೆಯ ಸಾರಿಗೆ, ಒಮ್ಮೆ ತಮ್ಮದೇ ಕಣ್ಣಿನ ಆಪರೇಶನ್ನಿಗೆ. ಹೊನ್ನಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಧಾರೇಶ್ವರದಲ್ಲಿ ಒಬ್ಬರೇ ಇದ್ದರು. ಗಿಡ್ಡ ದೇಹ, ಗಂಡಸರ ವಾಚು, ಕಂಕುಳಲ್ಲಿ ಕವಳದ ಚೀಲ. ಆ ಚೀಲದಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆ ಕರೆಂಟು ನೋಡುವ ಟೆಸ್ಟರೂ ಇರುತ್ತಿತ್ತು. ಯಾರ ಮನೆಗೆ ಹೋದರೂ ಕವಳ ಹಾಕುವ ಮೊದಲು ಒಂದೆರಡು ಸ್ವಿಚ್ಚುಗಳ ಯೋಗಕ್ಷೇಮ ವಿಚಾರಿಸಿ ಬರುತ್ತಿದ್ದರು.

ನಮ್ಮಪ್ಪ ಅವರ ವಿದ್ಯಾರ್ಥಿ. ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಪ್ಪನಿಗೆ ವಿಜ್ಞಾನದಲ್ಲಿ ಪಾಸಾಗಲು ಒಂದೇ ಒಂದು ಅಂಕ ಕಡಿಮೆ ಬಿತ್ತು. ಅಜ್ಜಿ ಒಂದು ಹಲಸಿನಹಣ್ಣು ಹೊತ್ತುಕೊಂಡು ಅಕ್ಕೋರ ಮನೆಗೆ ಹೋದರು. ಅಕ್ಕೋರು ಹಣ್ಣು ಕೊಯ್ದು, ತೊಳೆ ಬಿಡಿಸಿ, ಅಜ್ಜಿಗೂ ಕೊಟ್ಟು, ತಾವೂ ತಿಂದರು. "ಹಣ್ಣಿಗೆ ಹತ್ತಕ್ಕೆ ಎಂಟು. ಮಗಂಗೆ ಇದ್ದದ್ದೇ ಇದ್ದದ್ದು. ನಾ ಒಂದು ಅಂಕ ಕೊಟ್ರೆ ನಾಳೆ ದೋಣಿ ಎಂಜಿನ್ನು ಅವ್ನ ಮಾತು ಕೇಳ್ತದ್ಯಾ?" ಎಂದರಂತೆ. ಅಪ್ಪ ಇದನ್ನು ಹೇಳುವಾಗ ಸಿಟ್ಟೇ ಇರುತ್ತಿರಲಿಲ್ಲ. ಮುಂದೆ ಅವರು ದೋಣಿ ಎಂಜಿನ್ನುಗಳನ್ನೇ ರಿಪೇರಿ ಮಾಡುವವರಾದರು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಒಳಗಿನ ಕಾಯಿಲೆ ಹೇಳುತ್ತಿದ್ದರು. ಅವರ ದುಡಿಮೆಯೆಲ್ಲ ಕಿವಿಯದ್ದು.

ಆ ಕಿವಿಗೇ ಆ ಮಾರ್ಚಿನ ಹಿಂದಿನ ಮಳೆಗಾಲದ ಜ್ವರ ಹೊಡೆಯಿತು. ಜ್ವರ ಬಿಟ್ಟರೂ ಒಳಗೆ ಗುಂಯ್ ಅನ್ನುವ ಸದ್ದು ಉಳಿಯಿತು. ನಿಧಾನಕ್ಕೆ ಹೋಗುತ್ತದೆ ಎಂದು ಕುಮಟೆಯ ಡಾಕ್ಟರು ಹೇಳಿದ್ದರು, ದೀಪಾವಳಿಯ ಹೊತ್ತಿಗೆ ಹೋಯಿತು ಕೂಡ. ಆದರೆ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಪ್ಪ ತಮ್ಮ ಹಳೆಯ ರೆಕಾರ್ಡ್ ಪ್ಲೇಯರ್ ಹಚ್ಚಿ ಕೂತವರು ಹಾಗೇ ಎದ್ದು ಬಂದರು.

"ಮತ್ತೆ ಬಂತು" ಎಂದರು.

ಆ ಪ್ಲೇಯರು ಭಟ್ಕಳದಲ್ಲಿ ಕೊಂಡದ್ದು, ದುಬೈಯಿಂದ ಬಂದ ಮಾಲು. ಇಷ್ಟು ವರ್ಷ ಒಂದು ದಿನವೂ ಅಪಸ್ವರ ಎತ್ತಿರಲಿಲ್ಲ. ನಾನು ಹೋಗಿ ಕೇಳಿದೆ. ಹಾಡಿನ ಕೆಳಗೆ ದಪ್ಪನೆಯ ಗುಂಯ್ ನನಗೂ ಕೇಳಿಸಿತು. "ಅಪ್ಪಾ, ಇದು ಪೆಟ್ಟಿಗೆಯದೇ" ಎಂದೆ.

"ನೀ ನನ್ನ ಸಮಾಧಾನಕ್ಕೆ ಹೇಳೂದು. ಬೇರೆ ಹೊತ್ತಿಗೆ ಗಲಾಟೆಲಿ ಗೊತ್ತಾಗೂದಿಲ್ಲ. ಪದ ಕೇಳೂಕೆ ಸುಮ್ನೆ ಕೂತಾಗ ಗೊತ್ತಾಗ್ತದೆ."

ಅಮ್ಮ ಹೇಳಿದರೂ ಅದೇ ಉತ್ತರ. ಅಪ್ಪ ಬಂದರಿಗೆ ಹೋಗುವುದನ್ನು ಬಿಟ್ಟರು. ದೋಣಿಯವರು ಮನೆ ಬಾಗಿಲಿಗೆ ಬಂದರೆ, "ಬೇರೆ ಯಾರನ್ನಾದ್ರೂ ಕರಕಂಡು ಹೋಗಿ. ನಾ ತಪ್ಪು ಹೇಳಿ, ನಿಮ್ಮ ಎಂಜಿನ್ನು ನಡು ಸಮುದ್ರದಲ್ಲಿ ನಿಂತ್ರೆ?" ಎಂದು ಕಳಿಸುತ್ತಿದ್ದರು. ಯಾವ ದಿನ ಯಾರು ಬಂದು ಹೋದರೆಂದು ನನ್ನ ದಿನಚರಿಯಲ್ಲಿದೆ. ಮಾರ್ಚ್ ಹೊತ್ತಿಗೆ ಯಾರೂ ಬರುತ್ತಿರಲಿಲ್ಲ.

ನಮ್ಮ ಮಾತನ್ನು ಅಪ್ಪ ನಂಬದಿದ್ದದ್ದು ನಾವು ಅವರಿಗೆ ಬೇಕಾದವರು ಎಂಬ ಕಾರಣಕ್ಕೆ. ಜನ್ಮದಲ್ಲಿ ಯಾರಿಗೂ ಸಮಾಧಾನ ಹೇಳದ ಒಬ್ಬರು ಬೇಕಿತ್ತು. ನಾನು ಧಾರೇಶ್ವರಕ್ಕೆ ಹೋಗಿ ಅಕ್ಕೋರನ್ನು ಕರೆತಂದೆ.

ಚಹಾ ಮುಗಿಸಿದವರೇ ಅಪ್ಪನತ್ತ ತಿರುಗಿದರು. "ಎಂತದೋ ಮಂಜುನಾಥ, ಕಿವಿ ಹೋತು ಹೇಳಿ ಮನೇಲಿ ಕೂತಿದ್ಯಂತೆ?"

"ಹೌದು ಅಕ್ಕೋರೇ."

"ಹೋಗಿದ್ರೆ ಹೋತು ಹೇಳ್ತೆ. ಹೋಗದೇ ಇದ್ರೆ ಬೈತೆ. ಪೆಟ್ಟಿಗೆ ಹಚ್ಚು."

ಗುಂಯ್ ಶುರುವಾಯಿತು. ಅಕ್ಕೋರು ಮುಳ್ಳು ಎತ್ತಿಸಿದರು, ನಿಲ್ಲಲಿಲ್ಲ. ತಟ್ಟೆ ತಿರುಗುವುದನ್ನು ನಿಲ್ಲಿಸಿದರು, ಆಗಲೂ ಇತ್ತು. ಪ್ಲೇಯರಿನಿಂದ ಪಕ್ಕದ ಆಂಪ್ಲಿಫೈಯರಿಗೆ ಹೋಗುವ ಸಣ್ಣ ಅರ್ಥಿಂಗ್ ವಯರನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಿಸಿದರು. ವ್ಯತ್ಯಾಸವಿಲ್ಲ. "ಫ್ರಿಜ್ಜಿನದೇ ಕಿತಾಪತಿ" ಎಂದು ಖಡಾಖಂಡಿತವಾಗಿ ಹೇಳಿ ಅದನ್ನೂ ಆರಿಸಿದರು.

"ಒಳಗೆ ಬಂಗಡೆ ಮೀನು ಇತ್ತು ಅಕ್ಕೋರೇ" ಎಂದರು ಅಮ್ಮ.

"ಸಾಯೂದಿಲ್ಲ, ಸತ್ತೇ ಬಂದದ್ದು."

ಫ್ರಿಜ್ಜು ಆರಿದರೂ ಗುಂಯ್ ಆರಲಿಲ್ಲ. ಅಕ್ಕೋರು ನನ್ನ ಕಡೆ ನೋಡಿದರು. "ನನ್ನ ಊಹೆಗೆ ಸೊನ್ನೆ. ಬರ್ಕೊ ತಂಗಿ."

ಆಮೇಲೆ ಚಪ್ಪಲಿ ಇಲ್ಲದ ಕಾಲಲ್ಲಿ ನಿಂತು, ಆಂಪ್ಲಿಫೈಯರಿನ ಕಬ್ಬಿಣದ ಮೈಗೆ ಟೆಸ್ಟರ್ ಹಿಡಿದರು. ಮಂಕಾಗಿ ದೀಪ ಹತ್ತಿತು; ನೆಲಕ್ಕೆ ಇಳಿಯಬೇಕಾದ ಕರೆಂಟು ಅಲ್ಲೇ ಉಳಿದಿತ್ತು. ಕೂಡಲೇ ಎಲ್ಲವನ್ನೂ ಬಿಟ್ಟು, "ನಿಮ್ಮನೆ ಅರ್ಥಿಂಗ್ ಪೈಪು ಎಲ್ಲಿ ಹುಗಿದದ್ದು?" ಎಂದು ಕೇಳಿದರು.

ಹಿತ್ತಿಲಿನ ತೆಂಗಿನ ಬುಡದಲ್ಲಿ. ಅಪ್ಪನ ಅಪ್ಪನ ಕಾಲದ ಲೆಕ್ಕಾಚಾರ ಅದು. ಹಳೆಯ ಬಚ್ಚಲಿನ ನೀರೆಲ್ಲ ಆ ತೆಂಗಿಗೆ ಹೋಗುತ್ತಿತ್ತು. ಬೇಸಿಗೆಯಲ್ಲೂ ಅಲ್ಲಿ ಮಣ್ಣು ಒದ್ದೆ, ಪೈಪು ತಂಪು. ಜ್ವರದಲ್ಲಿ ಅಪ್ಪನಿಗೆ ಹೊರಗಿನ ಬಚ್ಚಲಿಗೆ ನಡೆಯಲಾಗದೆ ನಾವು ಮನೆಯೊಳಗೇ ಸ್ನಾನದ ಕೋಣೆ ಮಾಡಿಸಿ, ನೀರನ್ನು ಬೇರೆ ಕಡೆ ಗುಂಡಿಗೆ ಬಿಟ್ಟಿದ್ದೆವು. ಮಳೆಯ ಪಸೆ ಇರುವ ತನಕ ನಡೆಯಿತು. ಸಂಕ್ರಾಂತಿಯ ಹೊತ್ತಿಗೆ ಕೆಂಪು ಮಣ್ಣು ಒಣಗಿ ಪೈಪಿನ ಸುತ್ತ ಬಿರಿದು ನಿಂತಿತ್ತು, ಕರೆಂಟು ನೆಲಕ್ಕೆ ಇಳಿಯಲು ಪಸೆಯೇ ಇರಲಿಲ್ಲ.

"ಮಂಜುನಾಥ, ನೀ ಒಳಗೆ ಕೂರು. ಕಿಟಕಿಗೆ ಬೆನ್ನು ಹಾಕು. ಸದ್ದು ನಿಂತ್ರೆ ಕೂಗು. ನಿಲ್ಲದೇ ಕೂಗಿದ್ರೆ ನಂಗೆ ಗೊತ್ತಾಗ್ತದೆ."

ಬಾಗಿಲಲ್ಲಿ ಅಮ್ಮನನ್ನು ಕಾವಲಿಗೆ ನಿಲ್ಲಿಸಿದರು. ನಾನು ಬಾವಿಯಿಂದ ಸೇದಿ ಪೈಪಿನ ಬುಡಕ್ಕೆ ಹೊಯ್ದೆ. ಒಣಮಣ್ಣು ನೀರನ್ನು ಗಟಗಟ ಕುಡಿಯಿತು. ಒಂದು ಕೊಡ, ಎರಡು ಕೊಡ. ಒಳಗಿಂದ ಮಾತಿಲ್ಲ. ಅಕ್ಕೋರು ಕವಳ ಜಗಿಯುತ್ತ ನಿಂತಿದ್ದರು. ಇನ್ನೂ ಎರಡು ಕೊಡ ಹೊಯ್ದು, ಮಣ್ಣು ಕೆಸರಾಗಿ, ನಾನು ಮತ್ತೆ ಬಾವಿಯ ಕಡೆ ತಿರುಗುವಾಗ ಒಳಗಿಂದ ಅಪ್ಪನ ದನಿ ಬಂತು.

"ಕಮ್ಮಿ ಆತು." ಸ್ವಲ್ಪ ತಡೆದು, "ಅಕ್ಕೋರೇ, ನಿಂತ್ತು."

ಅಮ್ಮ ಬಾಗಿಲಲ್ಲಿ ತಲೆಯಾಡಿಸಿದರು. ಅವರ ಕಿವಿಗೂ ಸದ್ದು ಆಗಲೇ ನಿಂತಿತ್ತು.

ಅಕ್ಕೋರು ಕಿಟಕಿಯ ಹತ್ತಿರ ಹೋದರು. "ನೀರು ಹೊಯ್ದದ್ದು ತೆಂಗಿನ ಬುಡಕ್ಕೆ, ನಿನ್ನ ಕಿವಿಗಲ್ಲ. ತಿಳೀತಾ? ಇನ್ನು ಪೆಟ್ಟಿಗೆ ಆರ್ಸು. ಅರ್ಥಿಂಗ್ ಇಲ್ಲದ ಮನೇಲಿ ಒದ್ದೆ ಕೈಯಲ್ಲಿ ವಾಶಿಂಗ್ ಮಶೀನ್ ಮುಟ್ಟೂದಾ ನೀವು? ನಾಳೆಗೇ ಕರೆಂಟಿನವನ್ನ ಕರ್ಸಿ ಹೊಸ ಪೈಪು ಹಾಕ್ಸಿ. ಈ ಮನೆಗೆ ಹತ್ತಕ್ಕೆ ಎರಡು."

ಅಪ್ಪ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು. ಮರುದಿನ ಹೊಸ ಪೈಪು ಹಾಕಿಸಿದೆವು. ಬುಧವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಚೀಲ ಹೆಗಲಿಗೆ ಹಾಕಿಕೊಂಡು ಅಪ್ಪ ಬಂದರಿಗೆ ಹೋದರು.

ಮೇ ತಿಂಗಳಲ್ಲಿ ಅಕ್ಕೋರು ಹುಷಾರಿಲ್ಲದೆ ಮಾವಳ್ಳಿಯಲ್ಲಿದ್ದ ತಮ್ಮ ತಂಗಿಯ ಮನೆಗೆ ಹೋದರು. ಅಪ್ಪನೂ ನಾನೂ ನೋಡಲು ಹೋದಾಗ ಮಂಚದಲ್ಲಿ ಒರಗಿದ್ದರು, ದನಿ ಇಳಿದಿತ್ತು. ಕುಮಟೆಯಲ್ಲಿ ಕಿವಿ ತಪಾಸಣೆ ಮಾಡಿಸಿದ್ದನ್ನು ಅಪ್ಪ ಹೇಳಿದರು. ಗುಂಯ್ ಇಲ್ಲ, ಆದರೆ ಬಲಗಿವಿ ತುಸು ಮಂದ, ಅದು ಹಾಗೇ ಇರುತ್ತದಂತೆ.

"ಹಂಗಾದ್ರೆ ಎಡಗಿವಿ ನನ್ನ ಕಡೆ ಮಾಡಿ ಕೂತ್ಕೊ" ಎಂದರು ಅಕ್ಕೋರು. "ನಂಗೆ ಕೂಗೂಕೆ ಆಗೂದಿಲ್ಲ."

ಅಪ್ಪ ಕುರ್ಚಿ ತಿರುಗಿಸಿಕೊಂಡು ಕೂತರು. ಇಬ್ಬರೂ ಸಂಜೆಯ ತನಕ ಎಂಜಿನ್ನಿನ ವಿಷಯ ಮಾತಾಡಿದರು. ಜುಲೈಯಲ್ಲಿ ಅಕ್ಕೋರು ತೀರಿಕೊಂಡರು.

ಹೊನ್ನಾವರಕ್ಕೆ ಬರುವ ಮೊದಲು ಅವರು ಭಟ್ಕಳದ ಕಡೆ ಒಂದು ಶಾಲೆಯಲ್ಲಿ ಕಲಿಸುತ್ತಿದ್ದರು ಎಂದಷ್ಟೇ ತಂಗಿಯವರಿಗೆ ಗೊತ್ತು. ಅವರ ಬಗ್ಗೆ ಈಗ ಬರೆದಿಡುತ್ತಿರುವ ನನ್ನ ದಿನಚರಿಯಲ್ಲಿ ಆ ವರ್ಷಗಳು ಖಾಲಿ ಇವೆ. ಅಲ್ಲಿ ಅವರ ಕೈಯಲ್ಲಿ ಕಲಿತವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ಫೇಲಾದವರೂ ಬರೆಯಿರಿ. ಅವರ ಬಗ್ಗೆ ಸಿಟ್ಟಿದ್ದರೆ ಅದನ್ನೂ ಇದ್ದ ಹಾಗೇ ಬರೆಯಿರಿ, ನನ್ನ ಸಮಾಧಾನಕ್ಕೆ ಏನನ್ನೂ ಸೇರಿಸಬೇಡಿ.