ಉಪದೇಶಿ ಕಾಕಾ ಹೇಳದ ಸುಳ್ಳು

ಉಪದೇಶಿ ಕಾಕಾ ಅವರ ಹುಬ್ಬುಗಳು ವಯಸ್ಸಿನಿಂದ ಬೆಳ್ಳಗಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ತೌಡಿನಿಂದ ಬೆಳ್ಳಗಾಗಿದ್ದವು. ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಅವರು ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಪಾಳಿ ಮುಗಿಸಿ ಗಿರಣಿಯ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದುಕೊಂಡು ಬಂದರೂ ಹುಬ್ಬಿನ ಕೂದಲಿನಲ್ಲಿ ಮಾತ್ರ ಆ ಧೂಳು ಹಾಗೇ ಕೂತಿರುತ್ತಿತ್ತು. ಜೋರಾಗಿ ನಕ್ಕರೆ ಒಂದಿಷ್ಟು ಉದುರುತ್ತಿತ್ತು. ನನ್ನದು ಗಿರಣಿಯ ಎದುರಿಗೇ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರುಗಳ ನಡುವೆ ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲು ಮಧ್ಯಾಹ್ನವಾದ ಮೇಲೆ ಅವರದು. ಬೇರೆ ಯಾರಾದರೂ ಕೂತಿದ್ದರೆ ಏನೂ ಅನ್ನದೆ ಎದುರಿಗೆ ನಿಂತು ಅವರನ್ನೇ ನೋಡುತ್ತಿದ್ದರು. ಪಾಪ, ಅವರು ಎದ್ದೇಳಲೇಬೇಕು.

ಕಾಕಾ ಎಂದರೆ ರಕ್ತಸಂಬಂಧವೇನಲ್ಲ. ನಾವು ಮುಸಲ್ಮಾನರು, ಅವರು ಕಥೋಲಿಕ ಕ್ರೈಸ್ತರು. ಅವರ ಹಿರಿಯರು ಮುದಗಲ್ ಕಡೆಯವರು, ಎಷ್ಟೋ ತಲೆಮಾರಿನಿಂದ ಅದೇ ಧರ್ಮದಲ್ಲಿದ್ದವರು. ಗಿರಣಿಯ ಕೆಲಸ ಹೊಟ್ಟೆಪಾಡಿಗೆ. ಮನಸ್ಸೆಲ್ಲ ಉಪದೇಶಿ ಕೆಲಸದಲ್ಲಿ. ಅವರ ಪುಟ್ಟ ಚರ್ಚಿಗೆ ಗಂಗಾವತಿಯಿಂದ ಫಾದರ್ ಬರುತ್ತಿದ್ದದ್ದು ತಿಂಗಳಿಗೆ ಎರಡು ಭಾನುವಾರ. ಉಳಿದ ಭಾನುವಾರ ಜನರನ್ನು ಕೂಡಿಸಿ ಬೈಬಲ್ ಓದುವುದು, ಹಾಡು ಹೇಳಿಸುವುದು, ಮಕ್ಕಳಿಗೆ ಜಪ ಕಲಿಸುವುದು ಕಾಕಾ ಪಾಲಿಗೆ. ಹಾಡುವುದೊಂದು ಅವರಿಗೆ ಬರುತ್ತಿರಲಿಲ್ಲ. ಬಾಯ್ಲರಿನ ಸದ್ದಿನಲ್ಲಿ ಮೂವತ್ತು ವರ್ಷ ಕೂಗಿ ಮಾತಾಡಿದ ಗಂಟಲು, ಅದನ್ನೇ ದೇವರ ಮುಂದೆಯೂ ಬಿಡುತ್ತಿದ್ದರು.

ಅವರನ್ನು ಸಂತ ಮಾಡಿ ಕೂರಿಸಲು ನನಗೆ ಇಷ್ಟವಿಲ್ಲ. ಚಹಾದ ವಿಷಯದಲ್ಲಿ ಅವರಷ್ಟು ಸುಳ್ಳು ಹೇಳಿದವರನ್ನು ನಾನು ಕಂಡಿಲ್ಲ. ಸಕ್ಕರೆ ಕಾಯಿಲೆ ಇತ್ತು. ದಿನಕ್ಕೆ ಒಂದೇ ಚಹಾ, ಅದೂ ಸಕ್ಕರೆ ಇಲ್ಲದ್ದು ಎಂದು ಡಾಕ್ಟರು ಹೇಳಿದ್ದರು. ನನ್ನ ಅಂಗಡಿಯಲ್ಲೇ ಮೂರು ಆಗುತ್ತಿತ್ತು. ಮನೆಯಲ್ಲಿ ಅವರ ಹೆಂಡತಿ, ನಾನು ಕಾಕು ಎನ್ನುತ್ತಿದ್ದೆ, ಕಣ್ಣು ಪೂರ್ತಿ ಕಳೆದುಕೊಂಡು ಕೂತವರು. ಗಂಡ ಹೊಸ್ತಿಲು ದಾಟಿದ ಕೂಡಲೇ ಎಷ್ಟು ಚಹಾ ಆಯಿತು ಎಂದು ಕೇಳುವರು. ಇವರು ಒಂದೇ ಎಂದು ಮುಖ ಗಟ್ಟಿ ಮಾಡಿಕೊಂಡು ಹೇಳುವರು. ಆಗ ಕಾಕು, ಅವರನ್ನು ಮನೆಗೆ ಬಿಡಲು ಹೋದ ನನ್ನ ಕಡೆ ತಿರುಗಿ, “ನೋಡಪಾ ತಮ್ಮಾ, ನನ್ನ ಕಣ್ಣು ಹೋಗ್ಯಾವು, ಮೂಗು ಹೋಗಿಲ್ಲ. ಇದನ್ನ ನಿಮ್ಮ ಕಾಕಾಗ ಸ್ವಲ್ಪ ತಿಳಿಸಿ ಹೇಳು” ಎನ್ನುತ್ತಿದ್ದರು. ಇದು ವಾರಕ್ಕೆ ಐದು ದಿನ ನಡೆಯುವ ನಾಟಕ. ಇಬ್ಬರಿಗೂ ಅದಿಲ್ಲದೆ ಊಟ ಸೇರುತ್ತಿರಲಿಲ್ಲ ಎಂದು ಕಾಣುತ್ತದೆ.

ಒಮ್ಮೆ ನಮ್ಮ ಅಂಗಡಿಗೆ ಪಂಪಿನ ಮೋಟರ್ ತಂದ ಒಬ್ಬ ಹುಡುಗ ಕಾಕಾನ ಜೊತೆ ವಾದಕ್ಕೆ ಬಿದ್ದ. ಅವನೂ ಕ್ರೈಸ್ತನೇ, ಆದರೆ ಬೇರೆ ಪ್ರಾರ್ಥನಾ ಮಂದಿರಕ್ಕೆ ಹೋಗುವವನು. ಯೇಸು ಯಾವ ಚರ್ಚನ್ನೂ ಕಟ್ಟಲಿಲ್ಲ, ನಿಮ್ಮದನ್ನು ಕಟ್ಟಿದ್ದು ಮುಂದೆ ಬಂದ ರೋಮಿನ ರಾಜರು, ಬೈಬಲಿನಲ್ಲಿ ಕಥೋಲಿಕ ಎಂಬ ಮಾತು ತೋರಿಸಿ ನೋಡೋಣ ಎಂದ. ನಾನು ಕಾಯಿಲ್ ಸುತ್ತುವುದನ್ನು ನಿಲ್ಲಿಸಿ ಕಿವಿ ಕೊಟ್ಟೆ. ಕಾಕಾ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಯೇಸುಸ್ವಾಮಿ ತಮ್ಮ ಕೈಯಿಂದ ಒಂದು ಪುಸ್ತಕವನ್ನೂ ಬರೆದಿಡಲಿಲ್ಲ, ಬಿಟ್ಟು ಹೋದದ್ದು ಮನುಷ್ಯರನ್ನು ಎಂದು ಶುರು ಮಾಡಿದರು. ಹನ್ನೆರಡು ಜನರನ್ನು ಹೆಸರು ಹಿಡಿದು ಆರಿಸಿದರು. ಅವರಲ್ಲಿ ಪೇತ್ರನಿಗೆ, ನಿನ್ನ ಮೇಲೆ ನನ್ನ ಸಭೆಯನ್ನು ಕಟ್ಟುತ್ತೇನೆ, ಸ್ವರ್ಗದ ಬೀಗದ ಕೈ ನಿನಗೆ ಕೊಡುತ್ತೇನೆ ಎಂದರು. ನನ್ನ ನೆನಪಿಗಾಗಿ ಇದನ್ನು ಮಾಡಿರಿ ಎಂದು ರೊಟ್ಟಿ ಮುರಿದು ಕೊಟ್ಟದ್ದು ಆ ಹನ್ನೆರಡು ಜನರ ಕೈಗೆ. ಪೇತ್ರ ರೋಮಿಗೆ ಹೋಗಿ ಅಲ್ಲೇ ಪ್ರಾಣ ಕೊಟ್ಟ. ಅವನ ಜಾಗಕ್ಕೆ ಇನ್ನೊಬ್ಬ ಬಂದ, ಅವನ ನಂತರ ಮತ್ತೊಬ್ಬ, ಇವತ್ತಿನ ಪೋಪರವರೆಗೆ. ಪ್ರೇಷಿತರು, ಅಂದರೆ ಆ ಹನ್ನೆರಡು ಜನ, ತಮ್ಮ ನಂತರದವರ ತಲೆಯ ಮೇಲೆ ಕೈಯಿಟ್ಟು ಅಧಿಕಾರ ಕೊಟ್ಟರು, ಅವರು ಮುಂದಿನವರ ತಲೆಯ ಮೇಲೆ ಇಟ್ಟರು. ಇವತ್ತು ನಮ್ಮ ಬಿಷಪ್ಪರ ತಲೆಯ ಮೇಲಿರುವುದು ಅದೇ ಕೈ ಎಂದರು.

ಹುಡುಗ ಸುಮ್ಮನಾಗಲಿಲ್ಲ. ಆ ಪೋಪರಲ್ಲಿ ಲಂಚಕೋರರು, ಕೆಟ್ಟವರು ಎಷ್ಟು ಜನ ಆಗಿ ಹೋಗಿಲ್ಲ ಎಂದ. ಕಾಕಾ ಒಪ್ಪಿಕೊಂಡರು.

“ಆಗ್ಯಾರ. ಇಲ್ಲ ಅನ್ನಾಕ ಬರೂದಿಲ್ಲ. ನಮ್ಮ ಕಾಲುವಿ ನೋಡು, ಹೂಳು ತುಂಬೈತಿ, ಸತ್ತ ನಾಯಿ ತೇಲಿ ಬರತೈತಿ. ಆದ್ರ ನೀರು ಡ್ಯಾಮಿಂದ ಐತಿ. ಕಾಲುವಿ ಹೊಲಸಾಗೈತಿ ಅಂತ ಮನಿ ಮುಂದ ತಗ್ಗು ತೋಡಿದ್ರ ಅದು ಡ್ಯಾಮಿನ ನೀರು ಆಕ್ಕೈತೇನು?”

ನಮ್ಮ ಊರಿನ ಕೊನೆಯ ಹೊಲಗಳಿಗೆ ಡ್ಯಾಮಿನ ನೀರು ಬರುವುದೇ ಅಪರೂಪ, ಅದಕ್ಕೇನಂತೀರಿ ಎಂದು ನಾನು ನಡುವೆ ಬಾಯಿ ಹಾಕಿದೆ. ಕಾಕಾ ಹುಬ್ಬಿನ ತೌಡು ಉದುರುವಂತೆ ನಕ್ಕರು. ಹುಡುಗ ಒಪ್ಪಿ ಹೋದ ಎಂದು ನಾನು ಹೇಳುವುದಿಲ್ಲ. ಮೋಟರ್ ಮಾತ್ರ ಸರಿಯಾಗಿ ರಿಪೇರಿ ಮಾಡಿಸಿಕೊಂಡು ಹೋದ, ಮುಂದೆಯೂ ಬರುತ್ತಿದ್ದ.

ಅವನು ಹೋದ ಮೇಲೆ ನಾನು, ಇದು ನಮ್ಮ ಸಿಲ್ಸಿಲಾ ಇದ್ದ ಹಾಗೆ ಇದೆಯಲ್ಲ ಕಾಕಾ ಎಂದೆ. ನಮ್ಮ ದಾದಾ, ಅಂದರೆ ತಂದೆಯ ತಂದೆ, ಒಂದು ಸಣ್ಣ ದರ್ಗಾದ ಸೇವೆಯಲ್ಲಿದ್ದವರು. ಉರುಸಿನ ದಿನ ತಮ್ಮ ಗುರುವಿನಿಂದ ಹಿಡಿದು ಹಿಂದಕ್ಕೆ ಹಿಂದಕ್ಕೆ, ಒಬ್ಬೊಬ್ಬರ ಹೆಸರು ಹೇಳುತ್ತ ಪೈಗಂಬರರವರೆಗೂ ಹೋಗಿ ಮುಟ್ಟುತ್ತಿದ್ದರು. ಜ್ವರ ಬಂದ ಮಕ್ಕಳನ್ನು ಎತ್ತಿಕೊಂಡು ಜಾತಿ ಭೇದವಿಲ್ಲದೆ ಜನ ಬರುತ್ತಿದ್ದರು. ದಾದಾ ದುವಾ ಓದಿ ನೀರಿನ ಮೇಲೆ ಊದಿ ಕೊಡುತ್ತಿದ್ದರು. ಕಾಕಾ ಇದನ್ನೆಲ್ಲ ಕೇಳಿ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆ ದುವಾ ನಿನಗೆ ಬಾಯಿಪಾಠ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಮತ್ತೆ ನೀನೇಕೆ ಊದಿ ಕೊಡುವುದಿಲ್ಲ ಎಂದರು. ದಾದಾ ನನಗೆ ಇಜಾಜತ್ ಕೊಡಲಿಲ್ಲ, ಅನುಮತಿ ಇಲ್ಲದೆ ಹೇಗೆ ಊದಲಿ ಎಂದೆ.

“ಅಷ್ಟ ನೋಡಪಾ,” ಎಂದರು ಕಾಕಾ. “ನಾನೂ ಅಷ್ಟ ಹೇಳೂದು. ಮಾತು ಎಲ್ಲಾರಿಗೂ ಬರತಾವು. ಕೊಟ್ಟವರು ಯಾರು ಅನ್ನೂದು ಬೇಕು.”

ಆಗ ನನಗೊಂದು ಸಂಗತಿ ತಿಳಿಯಿತು. ಅದಕ್ಕೂ ಹಿಂದೆ ಒಂದು ಕ್ರಿಸ್‌ಮಸ್‌ಗೆ ಅವರ ಚರ್ಚಿಗೆ ಹೋಗಿದ್ದೆ. ಫಾದರ್ ಬೇರೆ ಊರಿನಲ್ಲಿ ಪೂಜೆ ಮುಗಿಸಿ ಬರುವುದು ತಡವಾಗಿ, ಜನ ಕಾದು ಬೇಸತ್ತಿದ್ದರು. ಒಬ್ಬ ಹೆಣ್ಣುಮಗಳು, ನಿಮಗೆ ಎಲ್ಲ ಮಾತೂ ಬರುತ್ತವಲ್ಲ, ನೀವೇ ಪೂಜೆ ಮಾಡಿಬಿಡಿ ಎಂದಳು. ಕಾಕಾ ತಲೆಯಾಡಿಸಿ ನಕ್ಕು, ಇನ್ನೊಂದು ಹಾಡು ಶುರು ಮಾಡಿದ್ದರು. ಫಾದರ್ ನಿಲ್ಲುವ ಪೀಠದ ಹಿಂದೆ ಅವರು ಯಾವತ್ತೂ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ, ಗೋಡೆಗೆ ಹತ್ತಿಕೊಂಡು ನಿಂತು ಓದುತ್ತಿದ್ದರು. ಅದು ವಿನಯ ಎಂದು ನಾನು ತಿಳಿದಿದ್ದೆ. ಅದು ಲೆಕ್ಕದಷ್ಟೇ ಖಚಿತವಾದ ನಂಬಿಕೆ. ಯೇಸು ಕೊಟ್ಟದ್ದು ಕೈಯಿಂದ ಕೈಗೆ ಬಂದು ಫಾದರ್‌ವರೆಗೆ ಮುಟ್ಟಿದೆ, ತನ್ನವರೆಗೆ ಮುಟ್ಟಿಲ್ಲ, ಅಷ್ಟೇ.

ಕಾಕು ತೀರಿಕೊಂಡ ದಿನ ಈ ನಂಬಿಕೆಯ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ.

ಮೂತ್ರಪಿಂಡ ಕೈಕೊಟ್ಟಿತ್ತು. ಗಂಗಾವತಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಬೆಳಗಿನಿಂದ ಕಾಕು, ಫಾದರ್‌ನ ಕರೀರಿ, ಒಂದು ಮಾತು ಹೇಳುವುದಿದೆ ಎಂದು ಒಂದೇ ಸಮನೆ ಹೇಳುತ್ತಿದ್ದರು. ಅವರಲ್ಲಿ ಸಾಯುವ ಮುಂಚೆ ಫಾದರ್‌ನ ಹತ್ತಿರ ಪಾಪ ಹೇಳಿಕೊಂಡು, ಕ್ಷಮೆ ಪಡೆದು, ಎಣ್ಣೆ ಹಚ್ಚಿಸಿಕೊಂಡು, ಪ್ರಸಾದ ತೆಗೆದುಕೊಂಡು ಹೋಗಬೇಕು. ಆದರೆ ಆ ವಾರ ಸುತ್ತಲಿನ ಎಲ್ಲ ಫಾದರ್‌ಗಳೂ ಬಳ್ಳಾರಿಯಲ್ಲಿ ಧ್ಯಾನಕ್ಕೆ ಕೂತಿದ್ದರು, ಫೋನ್ ಬಂದ್. ನಾನು ಮತ್ತೆ ಮತ್ತೆ ಹಚ್ಚಿ, ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬರು ಎತ್ತಿದರು. ಫಾದರ್ ಕೂಡಲೇ ಹೊರಟರು. ಮಳೆಗೆ ರಸ್ತೆ ಕೆಟ್ಟಿತ್ತು. ಎಷ್ಟೇ ಬೇಗ ಎಂದರೂ ಐದು ಗಂಟೆ ಆಗುತ್ತದೆ ಎಂದರು. ಕಾಕುವಿನ ಉಸಿರು ನೋಡಿದರೆ ಐದರ ತನಕ ಇರುವಂತೆ ಕಾಣಲಿಲ್ಲ.

ಎರಡು ಗಂಟೆಯ ಸುಮಾರಿಗೆ ಅವರಿಗೆ ಮಂಪರು. ಮತ್ತೆ ಅದೇ ಮಾತು. ಕಾಕಾನನ್ನು ಹೊರಗೆ ಕರೆದು ಆ ಸಲಹೆ ಕೊಟ್ಟವನು ನಾನೇ. ಬೇರೆ ಯಾರೋ ಎಂದು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ನಾನೇ.

“ಕಾಕಾ, ಕಾಕುಗ ಕಣ್ಣು ಕಾಣೂದಿಲ್ಲ. ಬಳಿ ಕುಂತು, ಫಾದರ್ ಬಂದೀನಿ ಅಂತ ಸಣ್ಣ ದನಿಲೆ ಹೇಳ್ರಿ. ಮಾತೆಲ್ಲ ನಿಮಗ ಬರತಾವು. ಅಕಿ ಹೇಳೂದು ಹೇಳಿ ಸಮಾಧಾನದಿಂದ ಹೋಗ್ತಾಳ.”

ಕಾಕುವಿನ ತಂಗಿಯೂ ಅಳುತ್ತ ಅದನ್ನೇ ಅಂದರು. ಕಾಕಾ ಆಗದೆಂದು ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. ದಿನಾ ಮೂರು ಚಹಾ ಕುಡಿದು ಒಂದೇ ಎನ್ನುವವರಿಗೆ ಇದೊಂದು ಸುಳ್ಳು ಭಾರವಾಯಿತೇ ಎಂದುಬಿಟ್ಟೆ. ಇಜಾಜತ್ತಿನ ಮಾತಾಡಿದ್ದ ಅದೇ ಬಾಯಿ ನನ್ನದು. ಕಾಕಾ ನನ್ನ ಭುಜದ ಮೇಲೆ ಕೈಯಿಟ್ಟು, ಒಳಗೆ ಹೋದರು. ನಾನೂ ಹಿಂದೆ ಹೋದೆ.

ಕಾಕು ತಲೆ ಹೊರಳಿಸಿ, “ಫಾದರ್ ಬಂದ್ರೇನು?” ಎಂದರು.

“ಇಲ್ಲ. ದಾರ್‍ಯಾಗ ಅದಾರ. ಇದು ನಾನು.”

“ಗೊತ್ತಾತು,” ಎಂದರು ಕಾಕು. “ಚಾದ ವಾಸನಿ ಬಂತು.”

ಅವತ್ತು ಬೆಳಿಗ್ಗೆ ನಾನೇ ಫ್ಲಾಸ್ಕಿನಲ್ಲಿ ತಂದು ಕುಡಿಸಿದ್ದ ಚಹಾ. ನಾನು ಬಾಗಿಲ ಹತ್ತಿರಕ್ಕೆ ಸರಿದೆ. ಕಾಕಾ ಮಾತ್ರ ಬಾಗಿ, ಹೆಂಡತಿಯಿಂದ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಒಂದೊಂದೇ ಮಾತಾಗಿ ಹೇಳಿಸಿದರು. ಅದನ್ನು ಯಾರು ಬೇಕಾದರೂ ಹೇಳಿಸಬಹುದಂತೆ. ಆಮೇಲೆ, ಹೇಳಬೇಕಾದದ್ದನ್ನು ನೇರ ದೇವರಿಗೇ ಹೇಳು, ಫಾದರ್ ಬಂದರೆ ಅವರಿಗೂ ಹೇಳುವಿಯಂತೆ ಎಂದು ಎದ್ದು, ನಮ್ಮನ್ನೆಲ್ಲ ಹೊರಗೆ ಕಳಿಸಿದರು. ತಾವೂ ಅಂಗಳಕ್ಕೆ ಬಂದು, ಬಾಗಿಲಿಗೆ ಬೆನ್ನು ಮಾಡಿ ನಿಂತರು. ಒಳಗೆ ತುಟಿಯಾಡಿಸುವ ಸದ್ದು ಬಂದರೂ ಕೇಳಬಾರದೆಂದು ಒಂದೆರಡು ಹೆಜ್ಜೆ ಇನ್ನೂ ಆಚೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಹೋಗಿ ಕೈ ಹಿಡಿದು ಕೂತವರು ನಾಲ್ಕು ಗಂಟೆಗೆ ಉಸಿರು ನಿಂತ ಮೇಲೆಯೇ ಕೈ ಬಿಟ್ಟರು.

ಫಾದರ್ ಬಂದದ್ದು ಐದೂ ಕಾಲಿಗೆ. ಚಿಕ್ಕ ವಯಸ್ಸಿನವರು, ಪ್ಯಾಂಟೆಲ್ಲ ಕೆಸರು. ಕಾಕಾನ ಕೈ ಹಿಡಿದುಕೊಂಡು, ದೇವರು ನಮ್ಮ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ, ಆಕೆಯ ಮನಸ್ಸು ಅವನಿಗೆ ಗೊತ್ತು ಎಂದು ಸಮಾಧಾನ ಹೇಳಿದರು.

“ಖರೆ ಐತ್ರಿ ಫಾದರ್. ದೇವರಿಗೆ ಬ್ಯಾರೆ ದಾರಿ ಅದಾವು,” ಎಂದರು ಕಾಕಾ. “ನನಗ ಇರಲಿಲ್ರಿ.”

ಆಗಲೂ ನನ್ನ ಸಿಟ್ಟು ಇಳಿಯಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಹದಿನೈದು ದಿನ ಅವರ ಮನೆಯ ಕಡೆ ಹೋಗಲಿಲ್ಲ. ಹದಿನಾರನೆಯ ದಿನ ಅವರೇ ಬಂದರು. ಸ್ಟೂಲಿನ ಮೇಲೆ ಯಾರೋ ಕೂತಿದ್ದರು, ಅವರ ಎದುರಿಗೆ ನಿಂತರು. ಚಹಾ ತರಿಸಿದೆ. ಒಂದು ಕುಡಿದು ಲೋಟ ಕೆಳಗಿಟ್ಟರು. ಇನ್ನೊಂದು ಬೇಡ ಎಂದರು. ಅಂದಿನಿಂದ ಒಂದೇ. ಕೇಳುವವರು ಮನೆಯಲ್ಲಿ ಇಲ್ಲದ ಮೇಲೆ ಅವರು ಡಾಕ್ಟರ ಮಾತು ಕೇಳಿದರು.

ಕಾಕು ಹೋದ ಮೇಲೆ ಕಾಕಾ ಎಂಟು ವರ್ಷ ಬದುಕಿದರು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ಅದಕ್ಕೆ ಕೆಲವು ತಿಂಗಳ ಮುಂಚೆ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ಬಹಳ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿದೆ. ಅವತ್ತು ಕಾಕು ಏನು ಹೇಳಬೇಕೆಂದಿದ್ದರು, ಅದನ್ನು ತಿಳಿಯಬೇಕು ಎಂದು ನಿಮಗೆ ಅನಿಸುವುದಿಲ್ಲವೇ ಎಂದೆ.

“ದಿನಾ ಅನಸ್ತೈತಿ,” ಎಂದರು ಕಾಕಾ. “ನಲವತ್ತೆರಡು ವರ್ಷ ಕೂಡಿ ಇದ್ದೀವಿ. ನನಗ ಹೇಳಲಾರದ್ದು ಏನಿತ್ತು ಅಂತ ಅನಸ್ತೈತಿ. ಆದ್ರ ಅದು ನನ್ನ ಹೆಸರಿಗೆ ಬಂದ ಕಾಗದ ಅಲ್ಲಪಾ. ಒಡದು ಓದಾಕ ಬರೂದಿಲ್ಲ.”

ಆಗ ನನ್ನ ಸಲಹೆಯ ಅರ್ಥ ನನಗೇ ಹೊಳೆಯಿತು. ನಾನು ಹೇಳಿದಂತೆ ಮಾಡಿದ್ದರೆ, ಆ ಹೆಂಗಸು ಗಂಡನಿಗೆ ನಲವತ್ತೆರಡು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಗಂಡನ ಕಿವಿಯಲ್ಲೇ ಹೇಳಿ ಸಾಯುತ್ತಿದ್ದಳು, ಇಲ್ಲವೇ ಅವನ ಮೈಯ ಚಹಾದ ವಾಸನೆ ಹಿಡಿದು, ಕೊನೆಯ ಗಳಿಗೆಯಲ್ಲಿ ನನ್ನ ಗಂಡ ನನಗೆ ಮೋಸ ಮಾಡಿದ ಎಂದು ತಿಳಿದು ಸಾಯುತ್ತಿದ್ದಳು.

ಅವರ ಧರ್ಮಸಭೆಯನ್ನು ಯೇಸುವೇ ಕಟ್ಟಿದರೋ ಎಂದು ತೀರ್ಪು ಕೊಡಲು ನಾನು ಯಾರೂ ಅಲ್ಲ. ನನ್ನ ದೀನ್ ಬೇರೆ, ನನ್ನ ಓದು ಏಳನೆಯ ಇಯತ್ತೆ. ಕಾಕಾ ಹಾಗೆ ನಂಬಿದ್ದರು, ನಂಬಿದ್ದಕ್ಕೆ ಬೆಲೆ ತೆತ್ತರು, ಅದನ್ನು ಕಣ್ಣಾರೆ ನೋಡಿದ್ದೇನೆ. ಎಂಟು ವರ್ಷ ದಿನಾ ನನ್ನೆದುರಿಗೆ ಕೂತರು. ಮಳೆ, ಭತ್ತ, ರಾಜಕೀಯ, ಗಿರಣಿಯ ಹೊಸ ಮಾಲೀಕ, ಎಲ್ಲ ಮಾತಾಡಿದರು. ಆ ದಿನ ಅಂಗಳದಲ್ಲಿ ನಾನು ಕೊಟ್ಟ ಸಲಹೆಯನ್ನು ಮಾತ್ರ ಒಮ್ಮೆಯೂ ಎತ್ತಿ ಆಡಲಿಲ್ಲ.